ಬರೆದ ಅಂಕಿ, ಕಂಡ ಅಂಕಿ

ಚಿಂಚೋಳಿ ತಾಲ್ಲೂಕಿನ ಐನಾಪುರ ನನ್ನ ಊರು. ತಂದೆಯವರು ಗೌಂಡಿ. ಶಹಾಬಾದಿನ ಪರಸಿಯನ್ನು ಹಾಸುವ ಮುನ್ನ ಒಂದೊಂದು ಕಲ್ಲನ್ನೂ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕಿವಿಗೊಡುವುದು ಅವರ ಪದ್ಧತಿ. “ಟಣ್ ಅಂದ್ರ ಇಡು, ಡಬ್ ಅಂದ್ರ ಬಿಡು ತಮ್ಮಾ” ಎನ್ನುತ್ತಿದ್ದರು. ಒಳಗೆ ಬಿರುಕು ಬಿಟ್ಟ ಕಲ್ಲು ನಾದ ಕೊಡುವುದಿಲ್ಲ.

ನಮ್ಮ ಗುಲ್ಬರ್ಗ ಜಿಲ್ಲೆಗೆ 1958ರಲ್ಲಿಯೇ ದೊಡ್ಡಪ್ಪ ಅಪ್ಪನವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಬಂದಿತ್ತು. 1980ರಲ್ಲಿ ವಿಶ್ವವಿದ್ಯಾನಿಲಯವೂ ಆಯಿತು. ಆದರೆ 1984ರಲ್ಲಿ ನನಗೆ ಸ್ಥಳ ದೊರೆತದ್ದು ದೂರದ ಬೇರೊಂದು ವಿಶ್ವವಿದ್ಯಾನಿಲಯದ ಕಾಲೇಜಿನಲ್ಲಿ. ಅದರ ಹೆಸರು ಬೇಡ. ಅಲ್ಲಿಯ ಉಪ್ಪುಂಡವನು ನಾನು. ಅಲ್ಲಿ ಶುಲ್ಕ ಅಲ್ಪವಾಗಿತ್ತು. ಹಾಗಿಲ್ಲದಿದ್ದರೆ ಗೌಂಡಿಯ ಮಗ ಇಂಜಿನಿಯರಾಗುವುದು ಕನಸಿನ ಮಾತು.

ಕಾಲೇಜಿನ ಬಡತನವೂ ಅಷ್ಟೇ ನಿಜ. ಮೂರು ಪ್ರಯೋಗಶಾಲೆಗಳಿಗೆ ಒಬ್ಬರೇ ಅಧ್ಯಾಪಕರು. ಕಬ್ಬಿಣವನ್ನು ಎಳೆದು, ಕಾಂಕ್ರೀಟನ್ನು ಒತ್ತಿ ಪರೀಕ್ಷಿಸುವ ಯಂತ್ರದಿಂದ ಎಣ್ಣೆ ಸೋರುತ್ತಿತ್ತು. ಬೇಕಾದದ್ದು ಒಂದು ಸಣ್ಣ ವಾಷರು. ಅದರ ಕಡತ ಹೋಯಿತು, ಬಂತು, ಮತ್ತೆ ಹೋಯಿತು. ಮುರಿದ ಬೆಂಚನ್ನೂ ಸೋರುವ ಮಾಡನ್ನೂ ನಾವು ನಕ್ಕು ಸಹಿಸಿದೆವು. ಆ ಯಂತ್ರ ಮಾತ್ರ ನಮಗೆ ಬೇರೊಂದು ವಿದ್ಯೆಯನ್ನು ಕಲಿಸಿತು. ಪುಸ್ತಕದಲ್ಲಿರುವ ವಕ್ರರೇಖೆಯನ್ನು ಮೊದಲು ಬರೆಯುವುದು, ಆಮೇಲೆ ಅದರಿಂದ ಅಂಕಿಗಳನ್ನು ಇಳಿಸಿ ‘ಪ್ರಯೋಗದಲ್ಲಿ ಕಂಡದ್ದು’ ಎಂದು ತುಂಬುವುದು. ಹಿರಿಯ ವಿದ್ಯಾರ್ಥಿಗಳ ರೆಕಾರ್ಡು ಪುಸ್ತಕ ಸಿಕ್ಕರೆ ಇನ್ನೂ ಸುಲಭ. ದಶಮಾಂಶದ ಆಚೆಯ ಅಂಕಿಯೊಂದನ್ನು ಬದಲಿಸಿದರಾಯಿತು. ಕೆಂಪು ಮಸಿಯಲ್ಲಿ ಪೂರ್ಣ ಅಂಕ ಬೀಳುತ್ತಿತ್ತು. ಗುರುಗಳಿಗೆ ಇದು ತಿಳಿಯದೆ ಇರಲಿಲ್ಲ. ಅವರಾದರೂ ಏನು ಮಾಡಿಯಾರು?

ಕೊನೆಯ ವರ್ಷ ಪ್ರಯೋಗಶಾಲೆಯ ವೃದ್ಧ ಸಹಾಯಕರೊಬ್ಬರು ಹಳೆಯ ಚರ್ಮವನ್ನು ಕತ್ತರಿಸಿ ತಾವೇ ವಾಷರು ಮಾಡಿ ಕೂಡಿಸಿದರು. ಯಂತ್ರ ಒಂದು ಮಧ್ಯಾಹ್ನ ನಡೆಯಿತು. ನಾವು ಎರಕ ಹಾಕಿದ್ದ ಕಾಂಕ್ರೀಟಿನ ಕ್ಯೂಬನ್ನು ಇಟ್ಟೆವು. ಒಂದೊಂದು ಮಗ್ಗುಲೂ 15 ಸೆಂಟಿಮೀಟರು. ಎಂ-20 ಮಿಶ್ರಣವಾದರೆ ಅದು ಸುಮಾರು 46 ಟನ್ ಭಾರ ತಾಳಬೇಕು. ಮುಳ್ಳು 31ಕ್ಕೆ ಬಂದಾಗಲೇ ಕ್ಯೂಬು ಸದ್ದು ಮಾಡಿ ಒಡೆಯಿತು. 28 ದಿನ ನೀರಿನಲ್ಲಿ ನೆನೆಸಿದ್ದೇವೆಂದು ಪುಸ್ತಕದಲ್ಲಿ ಬರೆದಿದ್ದೆವು. ತೊಟ್ಟಿ ಒಣಗಿ ಎರಡು ವಾರಗಳೇ ಕಳೆದಿದ್ದವು. ತೇವವಿಲ್ಲದೆ ಸಿಮೆಂಟು ಬಲಿಯುವುದಿಲ್ಲ. ನಾನು ಅಭ್ಯಾಸಬಲದಿಂದ 46.4 ಎಂದು ಬರೆಯತೊಡಗಿದ್ದೆ. ಗುರುಗಳು ಲೇಖನಿಯನ್ನು ತಡೆದು, “ಕಂಡದ್ದನ್ನು ಬರೆಯಪ್ಪ, ಇವತ್ತೊಂದು ದಿನ” ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು.

ನೌಕರಿಗೆ ಸೇರಿದ ಮೊದಲ ವರ್ಷ, ಹಳ್ಳವೊಂದರ ಸಣ್ಣ ಸೇತುವೆಯ ಕಾಮಗಾರಿಯಲ್ಲಿ ಕ್ಯೂಬು ಪರೀಕ್ಷೆಯ ವರದಿಯೊಂದು ನನ್ನ ರುಜುವಿಗಾಗಿ ಬಂತು. 46.2, 46.5, 46.3. ಎಷ್ಟು ಅಚ್ಚುಕಟ್ಟು! ಅಕ್ಷರ ಯಾರದೋ, ವಿದ್ಯೆ ಮಾತ್ರ ನನ್ನದೇ. ರುಜು ಹಾಕದೆ ಹಿಂದಿರುಗಿಸಿದೆ. ಹಲವರ ಮುನಿಸಿಗೆ ಗುರಿಯಾದೆ, ಅದಿರಲಿ. ಮುಂದಿನ ಎರಕದ ದಿನ ನಾನೇ ನಿಂತು ಮೂರು ಕ್ಯೂಬು ತುಂಬಿಸಿದೆ. ದಿನವೂ ಹೋಗಿ ತೊಟ್ಟಿಯ ನೀರು ನೋಡಿದೆ. 28ನೆಯ ದಿನ ಅವುಗಳೊಡನೆ ಲಾರಿಯಲ್ಲಿ ಕುಳಿತು ಜಿಲ್ಲಾ ಕೇಂದ್ರಕ್ಕೆ ಹೋದೆ. 44, 49, 51 ಬಂತು. ಒಂದಕ್ಕೊಂದು ಹೊಂದದ ಆ ಮೂರು ಅಂಕಿಗಳನ್ನು ನನ್ನ ಕೈಯಿಂದಲೇ ಬರೆದುಕೊಂಡು, ಅದೇ ಲಾರಿಯಲ್ಲಿ ಹಿಂದಿರುಗಿದೆ.