ಗುಣ ಹೊಂದದೆ ಮರಳಿದ ತಾಯಿ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ, ಲೂರ್ದುಮಾತೆಯ ಹಬ್ಬದಂದು ರೋಗಿಗಳಿಗೂ ಅವರ ಮನೆಯವರಿಗೂ ಏರ್ಪಡಿಸಿದ್ದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಇಂದು ಫೆಬ್ರವರಿ 11, ಲೂರ್ದುಮಾತೆಯ ಹಬ್ಬ. ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಇಂಥ ದಿನದಂದು ಲೂರ್ದಿನಲ್ಲಿ ಗುಣ ಹೊಂದಿದವರ ವೃತ್ತಾಂತಗಳನ್ನು ಹೇಳುವುದು ವಾಡಿಕೆ. ನಾನಾದರೋ ಅಲ್ಲಿಗೆ ಹೋಗಿ, ಬೇಡಿ, ಗುಣ ಹೊಂದದೆ ಮರಳಿದ ಒಬ್ಬ ತಾಯಿಯ ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಗುರುದೀಕ್ಷೆ ಪಡೆದ ಹೊಸತರಲ್ಲಿ ನಾನು ಒಂದು ಸಣ್ಣ ಪೇಟೆಯಲ್ಲಿ ಸಹಾಯಕ ಗುರುವಾಗಿದ್ದೆ. ದೇವಾಲಯದ ಎದುರಿಗೇ ಒಂದು ದಿನಸಿ ಅಂಗಡಿ ಇತ್ತು. ಅದರ ಯಜಮಾನರು ಕೂಲಿಯವರಿಗೆ ಶನಿವಾರದ ಬಟವಾಡೆಯವರೆಗೆ ಸಾಲ ಕೊಡುತ್ತಿದ್ದರು. ತೂಗಿದ ಅಕ್ಕಿಯ ಮೇಲೆ ಒಂದು ಹಿಡಿ ಹಾಕದೆ ಪೊಟ್ಟಣ ಕಟ್ಟಿದವರಲ್ಲ. ಅವರಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ವೈದ್ಯರು ಕೈಚೆಲ್ಲಿದಾಗ ನಾನು ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು, ವಿಶ್ವಾಸವು ಬಲವಾಗಿದ್ದರೆ ಖಂಡಿತವಾಗಿ ಗುಣವಾಗುವಿರಿ ಎಂದು ಹೇಳಿದೆ. ಅವರು ಸಾಲ ಮಾಡಿ ವೇಳಾಂಕಣಿಗೆ ಹೋಗಿ ಬಂದರು. ಬಂದ ಮೇಲೆ ಕಾಯಿಲೆ ಇನ್ನೂ ಹೆಚ್ಚಾಯಿತು. ಒಂದು ಸಂಜೆ ನನ್ನ ಕೈ ಹಿಡಿದು, "ಸ್ವಾಮಿ, ನನ್ನ ವಿಶ್ವಾಸದಲ್ಲಿ ಎಲ್ಲಿ ಕೊರತೆಯಾಯಿತು?" ಎಂದು ಕೇಳಿದರು. ಸೆಮಿನರಿಯಲ್ಲಿ ವರ್ಷಗಟ್ಟಲೆ ದೇವಶಾಸ್ತ್ರವನ್ನು ಓದಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಸಾಯುತ್ತಿದ್ದ ಆ ಸಜ್ಜನರ ರೋಗದ ಹೊರೆಯ ಮೇಲೆ ಅಪರಾಧದ ಹೊರೆಯನ್ನೂ ಹೊರಿಸಿದವನು ನಾನೇ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಆ ಪ್ರಶ್ನೆ ಮಾತ್ರ ಈವರೆಗೂ ನನ್ನೊಡನೆ ಉಳಿದಿದೆ.

ಎಷ್ಟೋ ವರ್ಷಗಳ ನಂತರ ಅದಕ್ಕೆ ಉತ್ತರದ ದಾರಿ ನನಗೆ ಕಂಡದ್ದು ಇನ್ನೊಬ್ಬ ವ್ಯಾಪಾರಿಯ ಪತ್ರಗಳಲ್ಲಿ. ಗುಲಾಬಿ ಹೂಗಳನ್ನು ಹಿಡಿದ ಪುಟ್ಟ ತೆರೇಸಮ್ಮನವರ ಚಿತ್ರವು ನಮ್ಮ ಅನೇಕ ಮನೆಗಳ ಗೋಡೆಯ ಮೇಲಿದೆ. ಆ ಸಂತೆಯನ್ನು ಹೆತ್ತ ತಾಯಿ ಜೆಲಿ ಮಾರ್ಟಿನ್ ಅವರೇ ನಾನು ಹೇಳಲಿರುವ ವ್ಯಾಪಾರಿ.

ಜೆಲಿಯಮ್ಮನವರು 1831ರಲ್ಲಿ ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದಲ್ಲಿ ಜನಿಸಿದರು. ಕನ್ಯಾಸ್ತ್ರೀಯಾಗಿ ರೋಗಿಗಳ ಸೇವೆ ಮಾಡಬೇಕೆಂಬುದು ಅವರ ಯೌವನದ ಹಂಬಲವಾಗಿತ್ತು. ಆದರೆ ಮಠದವರು ಅವರನ್ನು ಸೇರಿಸಿಕೊಳ್ಳಲಿಲ್ಲ. ಆಗ ಅವರು ತಮ್ಮ ಪಟ್ಟಣವಾದ ಅಲಾಂಸೊನಿನ ಪ್ರಸಿದ್ಧ ಕಸುಬನ್ನು ಕೈಗೊಂಡರು. ಅದು ಸೂಜಿಯಿಂದ ಹೆಣೆಯುವ ಲೇಸ್ ಕೆಲಸ. ಅದರ ಒಂದು ಚದರ ಸೆಂಟಿಮೀಟರಿಗೆ ಸುಮಾರು 7 ಗಂಟೆಗಳ ದುಡಿಮೆ ಬೇಕು. ಈ ಕಲೆಯನ್ನು ಯುನೆಸ್ಕೊ ಸಂಸ್ಥೆಯು 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಜೆಲಿಯಮ್ಮನವರು ಇನ್ನೂ ಇಪ್ಪತ್ತೆರಡು ತುಂಬುವ ಮೊದಲೇ ಸ್ವಂತ ವ್ಯಾಪಾರವನ್ನು ಆರಂಭಿಸಿದರು. ಹೆಣೆಯುವ ಸ್ತ್ರೀಯರು ತಂತಮ್ಮ ಮನೆಗಳಲ್ಲಿ ದುಡಿದು ತುಂಡುಗಳನ್ನು ಪ್ರತಿ ಗುರುವಾರ ಅವರಿಗೆ ತಂದೊಪ್ಪಿಸುತ್ತಿದ್ದರು. ಆ ತುಂಡುಗಳನ್ನು ಬೆಸುಗೆ ಕಾಣದಂತೆ ಜೋಡಿಸುವ ಅತಿ ಸೂಕ್ಷ್ಮವಾದ ಕೆಲಸವನ್ನು ಅವರು ತಾವೇ ಮಾಡುತ್ತಿದ್ದರು.

1858ರಲ್ಲಿ ಅವರು ಅದೇ ಪಟ್ಟಣದಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದ ಲೂಯಿ ಮಾರ್ಟಿನ್ ಅವರನ್ನು ವಿವಾಹವಾದರು. ಭಾನುವಾರ ಹಳ್ಳಿಯ ಜನರು ಪೇಟೆಗೆ ಬಂದು ಕೊಳ್ಳುವ ದಿನ. ಆದರೂ ಲೂಯಿಯವರು ಆ ದಿನ ಅಂಗಡಿಯ ಬಾಗಿಲನ್ನು ತೆರೆಯುತ್ತಿರಲಿಲ್ಲ. 1870ರಲ್ಲಿ ಅವರು ಆ ಅಂಗಡಿಯನ್ನು ಸೋದರಳಿಯನಿಗೆ ವಹಿಸಿ, ಹೆಂಡತಿಯ ವ್ಯಾಪಾರಕ್ಕೆ ನೆರವಾದರು.

ದಂಪತಿಗಳಿಗೆ ಒಂಬತ್ತು ಮಕ್ಕಳು ಹುಟ್ಟಿದರು. ಅವರಲ್ಲಿ ನಾಲ್ವರು 1867ರಿಂದ 1870ರೊಳಗೆ ತೀರಿಕೊಂಡರು. ಗಂಡುಮಗನೊಬ್ಬನು ಗುರುವಾಗಿ ದೂರದ ಮಿಷನ್ ನಾಡಿಗೆ ಹೋಗಲೆಂದು ಅವರು ಬೇಡಿದ್ದರು. ಆ ಕಾಲದಲ್ಲಿ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ನಮ್ಮ ಮೈಸೂರು ಸೀಮೆಯಲ್ಲಿಯೂ ಶ್ರಮಿಸುತ್ತಿದ್ದರೆಂಬುದನ್ನು ನೆನೆದರೆ, ಆ ಪ್ರಾರ್ಥನೆ ನಮ್ಮಂಥವರಿಗಾಗಿಯೇ ಆಗಿತ್ತೆನ್ನಬಹುದು. ಆದರೆ ಅವರ ಗಂಡುಮಕ್ಕಳಿಬ್ಬರೂ ಹಸುಗೂಸುಗಳಾಗಿಯೇ ಗತಿಸಿದರು.

ದುಃಖವು ಅವರ ಹೃದಯವನ್ನು ಕಲ್ಲಾಗಿಸಲಿಲ್ಲ. ಕೆಲಸದವರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಜೆಲಿಯಮ್ಮನವರು ಭಾನುವಾರ ಹೋಗಿ ನೋಡಿ ಬರುತ್ತಿದ್ದರು. ಹೆಚ್ಚು ಸಂಬಳ ಕೊಟ್ಟ ಮಾತ್ರಕ್ಕೆ ಸೇವಕರ ಮನಸ್ಸು ಒಲಿಯುವುದಿಲ್ಲ, ತಮ್ಮನ್ನು ಪ್ರೀತಿಸುತ್ತಾರೆಂದು ಅವರಿಗೆ ಅನಿಸಬೇಕು ಎಂಬುದು ಅವರ ಪತ್ರವೊಂದರ ಭಾವ. ಬೀದಿಯಲ್ಲಿ ಕಂಡ ನಿರ್ಗತಿಕ ಮುದುಕನೊಬ್ಬನನ್ನು ಮನೆಗೆ ಕರೆಸಿ ಉಣಿಸಿ ಉಡಿಸಿದರು; ಆತನಿಗೆ ಆಶ್ರಮದಲ್ಲಿ ಸ್ಥಳ ದೊರಕಿಸಲು ಪತಿಯು ಓಡಾಡಿದರು.

ಈಗ ರೋಗದ ವಿಷಯಕ್ಕೆ ಬರುತ್ತೇನೆ. ತಮ್ಮ ಎದೆಯಲ್ಲಿದ್ದ ಗಂಟಿನ ವಿಚಾರವನ್ನು ಜೆಲಿಯಮ್ಮನವರು ಔಷಧಿ ವ್ಯಾಪಾರಿಯಾದ ತಮ್ಮನಿಗೆ 1865ರಲ್ಲಿಯೇ ಬರೆದಿದ್ದರು. ಆದರೆ ಚಿಕಿತ್ಸೆ ನಡೆಯಲಿಲ್ಲ. ಹನ್ನೊಂದು ವರ್ಷಗಳು ಕಳೆದು, 1876ರ ಡಿಸೆಂಬರಿನಲ್ಲಿ ನೋವು ತಾಳಲಾರದೆ ವೈದ್ಯರ ಬಳಿಗೆ ಹೋದರು. ವೈದ್ಯರು ಚೀಟಿ ಬರೆದುಕೊಟ್ಟರು. ಇದರಿಂದ ಏನು ಪ್ರಯೋಜನವೆಂದು ಕೇಳಿದಾಗ, ಪ್ರಯೋಜನವೇನೂ ಇಲ್ಲ, ರೋಗಿಗಳ ಸಮಾಧಾನಕ್ಕಾಗಿ ಬರೆಯುವುದುಂಟು ಎಂಬ ಉತ್ತರ ಬಂತು. ಶಸ್ತ್ರಚಿಕಿತ್ಸೆಯ ಕಾಲ ಮೀರಿತೆಂದು ಲಿಸ್ಯೂ ಪಟ್ಟಣದ ಮತ್ತೊಬ್ಬ ವೈದ್ಯರೂ ತಿಳಿಸಿದರು. ಜೆಲಿಯಮ್ಮನವರು ಮನೆಯವರಿಂದ ಯಾವುದನ್ನೂ ಮುಚ್ಚಿಡಲಿಲ್ಲ. ಮಕ್ಕಳು ಅತ್ತರು. ಮೀನು ಹಿಡಿಯುವುದರಲ್ಲಿ ಬಹಳ ಆಸಕ್ತಿಯಿದ್ದ ಪತಿಯು ತಮ್ಮ ಗಾಳಗಳನ್ನು ಅಟ್ಟದ ಮೇಲಿಟ್ಟು ಸುಮ್ಮನಾದರು.

ಇಲ್ಲಿ ನಾನು ಒಂದು ಮಾತನ್ನು ಒತ್ತಿ ಹೇಳಲೇಬೇಕು. 1865ರ ವೈದ್ಯಶಾಸ್ತ್ರಕ್ಕೆ ಆಗದಿದ್ದುದು ಇಂದಿನ ವೈದ್ಯಶಾಸ್ತ್ರಕ್ಕೆ ಸಾಧ್ಯವಿದೆ. ಎದೆಯ ಗಂಟನ್ನು ಮೊದಲಲ್ಲಿಯೇ ತೋರಿಸಿದರೆ ಎಷ್ಟೋ ಮಂದಿ ಬದುಕುತ್ತಾರೆ. ನಾಚಿಕೆಯಿಂದಲೋ, ಖರ್ಚಿನ ಭಯದಿಂದಲೋ, ಮನೆಗೆಲಸದ ನೆವದಿಂದಲೋ ಅದನ್ನು ಮುಚ್ಚಿಡಬೇಡಿ, ತಾಯಂದಿರೇ. ಪ್ರಾರ್ಥಿಸುತ್ತೇವೆಂದು ವೈದ್ಯರನ್ನು ದೂರವಿಡುವುದು ವಿಶ್ವಾಸವಲ್ಲ.

1877ರ ಜೂನ್ ತಿಂಗಳಲ್ಲಿ ಜೆಲಿಯಮ್ಮನವರು ಮರಿ, ಪೌಲಿನ್, ಲಿಯೊನಿ ಎಂಬ ಹಿರಿಯ ಹೆಣ್ಣುಮಕ್ಕಳೊಡನೆ ರೈಲಿನಲ್ಲಿ ಲೂರ್ದಿಗೆ ಯಾತ್ರೆ ಹೊರಟರು. ಯಾತ್ರೆಯುದ್ದಕ್ಕೂ ತೊಂದರೆಗಳೇ. ಕಾಲು ಜಾರಿ ಕತ್ತು ಉಳುಕಿತು. ಕಟ್ಟಿಕೊಂಡು ಹೋಗಿದ್ದ ಬುತ್ತಿ ಕೆಟ್ಟುಹೋಯಿತು. ಪವಿತ್ರ ಜಲದಲ್ಲಿ ಮತ್ತೆ ಮತ್ತೆ ಮಿಂದರೂ ಗುಣವಾಗಲಿಲ್ಲ. ಇತ್ತ ಪತಿಯು ಶುಭವಾರ್ತೆಯ ತಂತಿಗಾಗಿ ದಿನವೂ ಕಾದಿದ್ದರು. ಮರಳಿ ಬಂದ ಹೆಂಡತಿಯು, ಬೇಡಿದ ವರ ದೊರೆತವರಂತೆ ನಗುನಗುತ್ತಾ ಇಳಿದದ್ದನ್ನು ಕಂಡು ಅವರಿಗೆ ಆಶ್ಚರ್ಯವಾಯಿತಂತೆ.

ಸೋದರರೇ, ಈ ತಾಯಿಯ ವಿಶ್ವಾಸದಲ್ಲಿ ಕೊರತೆಯಿತ್ತೆಂದು ಯಾರಾದರೂ ಹೇಳಬಲ್ಲರೇ? 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಈ ದಂಪತಿಗಳಿಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಿದರು. ಗುಣ ಹೊಂದದಿದ್ದುದು ಅವಿಶ್ವಾಸದ ಗುರುತಾಗಿದ್ದರೆ ಧರ್ಮಸಭೆಯು ಅವರನ್ನು ಪೀಠದ ಮೇಲೆ ನಿಲ್ಲಿಸುತ್ತಿರಲಿಲ್ಲ. ಗೆತ್ಸೆಮನಿ ತೋಟದಲ್ಲಿ ನಮ್ಮ ಸ್ವಾಮಿಯೇ ಪಾನಪಾತ್ರೆಯು ತಮ್ಮಿಂದ ತೊಲಗಲೆಂದು ಬೇಡಿದರು, ಅದು ತೊಲಗಲಿಲ್ಲ. ಅಂದು ನಾನು ಆ ಅಂಗಡಿಯ ಯಜಮಾನರಿಗೆ ಹೇಳಬೇಕಾಗಿದ್ದ ಮಾತು ಇದು.

ಜೆಲಿಯಮ್ಮನವರು ಸಾವಿಗೆ ಅಂಜದವರೆಂದಾಗಲೀ ಬದುಕಲು ಬಯಸದವರೆಂದಾಗಲೀ ತಿಳಿಯಬೇಡಿ. ಅವರ ಮೂರನೆಯ ಮಗಳು ಲಿಯೊನಿ ಕಲಿಕೆಯಲ್ಲಿ ಹಿಂದುಳಿದಿದ್ದಳು; ಯಾರ ಮಾತಿಗೂ ಬಗ್ಗುತ್ತಿರಲಿಲ್ಲ. ಮನೆಯ ಸೇವಕಿಯೇ ಆ ಹುಡುಗಿಯನ್ನು ಗುಟ್ಟಾಗಿ ಹೆದರಿಸಿ ಇಟ್ಟುಕೊಂಡಿದ್ದಳೆಂಬುದು 1877ರಲ್ಲಿ ಬಯಲಾಯಿತು. ಬಿಡುಗಡೆ ಹೊಂದಿದ ಲಿಯೊನಿ ತಾಯಿಯನ್ನು ಬಿಟ್ಟಿರಲಾರದಂತಾದಳು. ಈ ಮಗುವಿಗಾಗಿಯಾದರೂ ಬದುಕಬೇಕೆಂದು ತಾಯಿಗೆ ಅನಿಸಿದ್ದು ಆಗಲೇ. ಲೂರ್ದಿನಲ್ಲಿ ತಮಗಾಗಿ ಬೇಡಿದಂತೆಯೇ ಆಕೆಗಾಗಿಯೂ ಬೇಡಿದರು. ಆ ನೀರನ್ನು ಆಕೆಯ ಹಣೆಗೆ ಹಚ್ಚಿದರು. ಲಿಯೊನಿ ಮುಂದೆ ಮಠ ಸೇರಲು ಹೋಗಿ ಮೂರು ಬಾರಿ ಹಿಂದಿರುಗಿದಳು. ಕೊನೆಗೆ 1899ರಲ್ಲಿ ಕಾನ್ ನಗರದ ಮಠವನ್ನು ಸೇರಿ, 1941ರಲ್ಲಿ ಸಾಯುವವರೆಗೂ ಅಲ್ಲಿಯೇ ಬಾಳಿದಳು. ಆಕೆಯನ್ನು ಸಂತಪದವಿಗೇರಿಸುವ ವಿಚಾರಣೆಯು 2015ರಲ್ಲಿ ಆರಂಭವಾಯಿತು.

ತಾಯಿಯ ಪ್ರಾಣವನ್ನು ತೆಗೆದುಕೊಂಡು ದೇವರು ಮಗಳಿಗೆ ಕೃಪೆಯನ್ನು ಕೊಟ್ಟರೆಂದು ನಾನು ಹೇಳುತ್ತಿಲ್ಲ. ಇಲ್ಲಿ ಕುಳಿತಿರುವ ವ್ಯಾಪಾರಿಗಳಿಗೆ ಕೊಡುಕೊಳ್ಳುವ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ದೇವರು ನಮ್ಮೊಡನೆ ಆ ಲೆಕ್ಕವನ್ನು ಇಡುವುದಿಲ್ಲ. ಆ ತಾಯಿ ತಮ್ಮ ಎರಡು ಪ್ರಾರ್ಥನೆಗಳಲ್ಲಿ ಒಂದರ ಫಲವನ್ನೂ ಕಣ್ಣಾರೆ ಕಾಣದೆ ಹೋದರು, ಆದರೂ ಪ್ರೀತಿಸುವುದನ್ನು ಬಿಡಲಿಲ್ಲ, ಎಂಬಷ್ಟನ್ನೇ ಹೇಳುತ್ತೇನೆ.

ಆಗಸ್ಟ್ ತಿಂಗಳ ಆರಂಭದವರೆಗೂ ಅವರು ಹೆಜ್ಜೆಹೆಜ್ಜೆಗೂ ನಿಂತು ನೋವನ್ನು ನುಂಗಿ ಮುಂಜಾನೆಯ ಪೂಜೆಗೆ ಹೋದರು. 26ರಂದು ಪತಿಯು ಗುರುಗಳನ್ನು ಕರೆತಂದರು, ಅಂತ್ಯಾಭ್ಯಂಗವಾಯಿತು. ನಾಲ್ಕೂವರೆ ವರ್ಷದ ಪುಟ್ಟ ತೆರೇಸಾ ಮೊಣಕಾಲೂರಿ ಅದನ್ನು ನೋಡಿದಳು. ಆಗ ತಂದೆ ಬಿಕ್ಕಿಬಿಕ್ಕಿ ಅತ್ತ ಸದ್ದನ್ನು ಆಕೆ ಜೀವಮಾನವಿಡೀ ಮರೆಯಲಿಲ್ಲ. 1877ರ ಆಗಸ್ಟ್ 28ರ ನಡುರಾತ್ರಿಯ ನಂತರ, 45ನೆಯ ವಯಸ್ಸಿನಲ್ಲಿ ಜೆಲಿಯಮ್ಮನವರು ಕಣ್ಮುಚ್ಚಿದರು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು. ಮಿಷನ್ ನಾಡಿಗೆ ಮಗನನ್ನು ಬೇಡಿದ್ದ ಆ ಮನೆಯ ಕೊನೆಯ ಮಗಳನ್ನು ಧರ್ಮಸಭೆಯು 1927ರಲ್ಲಿ ಮಿಷನ್‌ಗಳ ಪಾಲಕಿಯೆಂದು ಸಾರಿತು.

ಪ್ರಿಯ ಬಂಧುಗಳೇ, ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿತು. ಈ ನೂರು ವರ್ಷಗಳಲ್ಲಿ ಇಲ್ಲಿ ಮೊಣಕಾಲೂರಿ ಬೇಡಿದವರಲ್ಲಿ ಎಷ್ಟು ಮಂದಿ ಗುಣ ಹೊಂದಿದರೋ, ಎಷ್ಟು ಮಂದಿ ಹೊಂದದೆ ನಮ್ಮ ಸಮಾಧಿಭೂಮಿಯಲ್ಲಿ ಮಲಗಿದರೋ ದೇವರೇ ಬಲ್ಲರು. ಈ ಇಬ್ಬಗೆಯವರೂ ವಿಶ್ವಾಸಿಗಳೇ. ಆದುದರಿಂದ ರೋಗಿಯ ಮನೆಗೆ ಹೋದಾಗ ಆತನ ವಿಶ್ವಾಸವನ್ನು ತೂಗಬೇಡಿ. ನಿಮ್ಮ ಪ್ರೀತಿಯನ್ನು ಮಾತ್ರ ಒಂದು ಹಿಡಿ ಹೆಚ್ಚಾಗಿ ಅಳೆದು ಕೊಡಿ. ಗಂಜಿ ಕೊಂಡೊಯ್ಯಿರಿ, ಮಕ್ಕಳನ್ನು ನೋಡಿಕೊಳ್ಳಿರಿ, ಆತನ ಅಂಗಡಿಯ ಬಾಕಿಯಿದ್ದರೆ ಆತ ಬದುಕಿರುವಾಗಲೇ ತೀರಿಸಿರಿ. ಪ್ರಾರ್ಥನೆಯನ್ನಂತೂ ನಿಲ್ಲಿಸಬೇಡಿರಿ, ಗುಣವಾಗಲೆಂದು ಧೈರ್ಯದಿಂದ ಬೇಡಿರಿ. ಆಗದಿದ್ದರೆ ರೋಗಿಯ ಕೈಯನ್ನು ಬಿಡದೆ ಹಿಡಿದುಕೊಂಡಿರಿ.

ಇಲ್ಲಿ ಕುಳಿತಿರುವ ರೋಗಿಗಳೇ, ನಿಮ್ಮ ವಿಶ್ವಾಸದಲ್ಲಿ ಎಲ್ಲಿ ಕೊರತೆಯಾಯಿತೆಂದು ರಾತ್ರಿ ನಿದ್ದೆಗೆಟ್ಟು ಹುಡುಕಬೇಡಿರಿ. ಹಾಗೆ ಹುಡುಕುವಂತೆ ಒಬ್ಬ ಸಜ್ಜನರನ್ನು ಕಾಡಿದ ಗುರು ಈ ಮಾತನ್ನು ಹೇಳುತ್ತಿದ್ದಾನೆ. ಆ ಯಜಮಾನರ ಆತ್ಮಕ್ಕೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ, ನನ್ನನ್ನು ಕ್ಷಮಿಸಲಿ. ಲೂರ್ದುಮಾತೆಯೂ ಸಂತ ಜೆಲಿಯಮ್ಮನವರೂ ನಮಗಾಗಿ ಪ್ರಾರ್ಥಿಸಲಿ. ಸರ್ವಶಕ್ತರಾದ ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.