ಮಳೆ ದೇವರ ಊರಲ್ಲಿ ಬರೀ ಅನ್ನದ ತಟ್ಟೆ

ಇವತ್ತು ಅಪೌಷ್ಟಿಕತೆ ಬಗ್ಗೆ ಮಾತಾಡ್ತೀನಿ. ಬರಗಾಲದ ಊರು ಬಿಟ್ಟು, ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದ ಕಿಗ್ಗದಿಂದ ಶುರು ಮಾಡೋಣ. ಸಿರಿಮನೆ ಜಲಪಾತಕ್ಕೆ ಹೋಗುವಾಗ ನಿಮ್ಮಲ್ಲಿ ಎಷ್ಟೋ ಜನ ಈ ಊರು ದಾಟಿರ್ತೀರಿ. ಇಲ್ಲಿನ ಋಷ್ಯಶೃಂಗೇಶ್ವರ ಮಳೆ ದೇವರು. ನಾಡಲ್ಲಿ ಮಳೆ ಕೈಕೊಟ್ಟಾಗ ಮಂತ್ರಿಗಳೂ ಬಂದು ಪೂಜೆ ಮಾಡಿಸಿದ್ದುಂಟು. ಇಷ್ಟು ಮಳೆ, ಇಷ್ಟು ಹಸಿರು ಇರೋ ಕಡೆ ಮಕ್ಕಳು ಯಾಕೆ ಸೊರಗಬೇಕು?

ಕೈಯಲ್ಲಿ ದುಡ್ಡು ಯಾವ ತಿಂಗಳು ಇರುತ್ತೆ, ಯಾವ ತಿಂಗಳು ಇರಲ್ಲ ಅಂತ ನೋಡಿದ್ರೆ ಉತ್ತರ ಸಿಗುತ್ತೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕು ಅಡಿಕೆ, ಕಾಫಿ, ಮೆಣಸಿನ ಸೀಮೆ. ಎಷ್ಟೋ ಗದ್ದೆಗಳು ತೋಟ ಆಗಿವೆ. ಬೆಳೆಗಾರರನ್ನ ದೂರೋ ಹಾಗಿಲ್ಲ, ಭತ್ತದಲ್ಲಿ ಹಾಕಿದ ದುಡ್ಡೂ ಹುಟ್ಟಲ್ಲ. ಆದರೆ ಅಡಿಕೆ ಬೇಯಿಸಿ ಉಣ್ಣಕ್ಕಾಗಲ್ಲ. ಗದ್ದೆ ಇದ್ದ ಕಾಲಕ್ಕೆ ಕೂಲಿಗೆ ಭತ್ತ ಸಿಗ್ತಿತ್ತು, ಗದ್ದೆಯಲ್ಲೇ ಏಡಿ, ಮೀನು ಸಿಗ್ತಿತ್ತು. ಈಗ ಎಲ್ಲಾ ಅಂಗಡಿಯಿಂದಲೇ ಬರಬೇಕು. ಹಳದಿ ಎಲೆ ರೋಗ ಬೇರೆ ದಶಕಗಳಿಂದ ತೋಟಗಳನ್ನ ತಿಂತಾ ಇದೆ. ತೋಟದ ಆದಾಯ ಇಳಿದರೆ ಮೊದಲು ಕಡಿಮೆ ಆಗೋದು ಕೂಲಿಯವರ ಕೆಲಸ.

ಇನ್ನು ಆಷಾಢದ ಮಳೆ ಹಿಡಿದರೆ ವಾರಗಟ್ಟಲೆ ಬಿಡಲ್ಲ. ಮಳೆ ಹೊಳವಾದ ದಿನ ಮರ ಹತ್ತಿ ಔಷಧಿ ಹೊಡೆಯೋರಿಗೆ ಕೆಲಸ ಇರುತ್ತೆ, ಉಳಿದ ಎಷ್ಟೋ ಜನರಿಗೆ ದಿನಗೂಲಿ ಇಲ್ಲ. ಶಾಲೆ ಖರ್ಚು, ಜ್ವರದ ಖರ್ಚು ಬರೋದೂ ಅದೇ ಹೊತ್ತಿಗೆ. ಪಡಿತರದ ಅಕ್ಕಿ ಮನೇಲಿರುತ್ತೆ. 2013ರಲ್ಲಿ ಶುರುವಾದ ಅನ್ನಭಾಗ್ಯದಿಂದ ಒಲೆ ಉರೀತಾ ಇದೆ, ಅದು ಸಣ್ಣ ಮಾತಲ್ಲ. ಆದರೆ ಅನ್ನದ ಜೊತೆ ಬೇಳೆ, ಮೊಟ್ಟೆ, ಹಾಲು, ಹಣ್ಣು ಬೇಕಂದ್ರೆ ದುಡ್ಡು ಬೇಕು. ಕೆಸುವಿನ ಸೊಪ್ಪು, ಕಳಲೆ, ಹಲಸಿನ ಬೀಜ ಸ್ವಲ್ಪ ಆಸರೆ ಆಗುತ್ತೆ, ಬೆಳೆಯೋ ಮಗುವಿಗೆ ಅಷ್ಟೇ ಸಾಲಲ್ಲ.

ಇದು ಸರ್ಕಾರಕ್ಕೂ ಗೊತ್ತಿರೋ ವಿಷಯ. ಮಲೆಕುಡಿಯ, ಗೌಡಲು, ಹಸಲರಂಥ ಅರಣ್ಯವಾಸಿ ಕುಟುಂಬಗಳಿಗೆ ಮಳೆಗಾಲದ ತಿಂಗಳುಗಳಲ್ಲಿ ಬೇಳೆಕಾಳು, ಮೊಟ್ಟೆ, ಎಣ್ಣೆ, ತುಪ್ಪ ಕೊಡೋ ಯೋಜನೆ ಮಾಡಿದ್ದು ಇದಕ್ಕೇ. ಆದರೆ ಅದು ಈ ಸಮುದಾಯಗಳಿಗೆ ಮಾತ್ರ. ಕೂಲಿ ನಂಬಿದ ಬೇರೆ ಮನೆಗಳೂ ಇವೆಯಲ್ಲ?

2017ರಲ್ಲಿ ಮಾತೃಪೂರ್ಣ ಬಂತು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿ ಊಟ. ಒಳ್ಳೇ ಯೋಚನೆ. ಆದರೆ ಗುಡ್ಡಕ್ಕೊಂದು ಮನೆ ಇರೋ ಮಲೆನಾಡಲ್ಲಿ ಸುರಿಯೋ ಮಳೆಗೆ ಹಳ್ಳ ದಾಟಿ, ಏರಿಳಿದು ಹೋಗಿ ಬರೋ ಹೊತ್ತಿಗೆ ಅರ್ಧ ದಿನ ಹೋಗುತ್ತೆ. ದೂರ ಅನ್ನೋದೂ ಒಂದು ಖರ್ಚೇ.

ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ 1943ರ ಬಂಗಾಳದ ಕ್ಷಾಮದ ಬಗ್ಗೆ ಹೇಳಿದ್ದು ಇಂಥದ್ದೇ ಮಾತು. ಅಕ್ಕಿ ಅಷ್ಟೇನೂ ಕಡಿಮೆ ಆಗಿರಲಿಲ್ಲ. ಬೆಲೆ ಏರಿತು, ಕೂಲಿ ಆ ಮಟ್ಟಕ್ಕೆ ಏರಲಿಲ್ಲ, ಕೊಳ್ಳೋಕಾಗದವರು ಸತ್ತರು. ಈಗ ನಮ್ಮಲ್ಲಿ ಕ್ಷಾಮ ಇಲ್ಲ, ಹಾಗಾಗಿ ಸುದ್ದಿಯೂ ಆಗಲ್ಲ. ಆದರೆ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಹೊರಗೂ ಹೀಗೇ. ವಿಶ್ವಸಂಸ್ಥೆಯ 2024ರ ವರದಿ ಪ್ರಕಾರ, ಜಗತ್ತಿನ 280 ಕೋಟಿ ಜನರಿಗೆ ಆರೋಗ್ಯಕರ ಊಟ ಕೊಳ್ಳೋ ಶಕ್ತಿ ಇಲ್ಲ. ಚಿಕ್ಕಂದಿನಲ್ಲಿ ಸೊರಗಿದ ಮಗು ದೊಡ್ಡದಾದ ಮೇಲೂ ಕಡಿಮೆ ದುಡಿಯುತ್ತೆ, ಅದರ ಮಕ್ಕಳ ತಟ್ಟೆಗೂ ಅದೇ ಗತಿ.

ಹಾಗಾಗಿ ಎಷ್ಟು ಕೆಜಿ ಅಕ್ಕಿ ಅನ್ನೋ ಚರ್ಚೆ ಬಂದಾಗ, ಬೇಳೆ ಎಷ್ಟು, ಮೊಟ್ಟೆ ಎಷ್ಟು ಅಂತಾನೂ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂಲಿ ಎಲ್ಲಿಂದ ಬರುತ್ತೆ ಅಂತ ಕೇಳಿ. ವೋಟು ಕೇಳೋಕೆ ಬಂದವರನ್ನೂ ಇದನ್ನೇ ಕೇಳಬಹುದು.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.