ಕೋವಿಯ ನಳಿಗೆ: ಆಯ್ಕೆ ಮತ್ತು ಆರೈಕೆ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ರೈತರಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಘಟ್ಟದ ಕಾಡಿನಿಂದ ಇಳಿಯುವ ಹಂದಿ ರಾತ್ರಿ ಬೆಳಗಾಗುವುದರೊಳಗೆ ಗದ್ದೆಯನ್ನು ಉತ್ತು ಹೋಗುತ್ತದೆ. ಮಂಗಗಳ ಹಿಂಡು ಎಳನೀರನ್ನೂ ಅಡಿಕೆಯನ್ನೂ ಉದುರಿಸುತ್ತದೆ. ಹೀಗಾಗಿ ಇಲ್ಲಿನ ಕೆಲವು ಕೃಷಿಕರ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಕೋವಿ ಇರುತ್ತದೆ. ಕೋವಿ ಕೊಳ್ಳುವಾಗ, ಅಥವಾ ಹಿರಿಯರದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ, ಹೆಚ್ಚಿನವರ ಕಣ್ಣು ಹೋಗುವುದು ಮರದ ಹಿಡಿಯ ಹೊಳಪಿನ ಕಡೆಗೆ. ಆದರೆ ಮೊದಲು ನೋಡಬೇಕಾದದ್ದು ನಳಿಗೆಯನ್ನು. ಏಕೆಂದರೆ ನಳಿಗೆ ಸೀಳಿದರೆ ಹೋಗುವುದು ಅದನ್ನು ಹಿಡಿದ ಕೈ.

ನಳಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಳಮೈ ನುಣುಪಾಗಿರುವುದು ಒಂದು. ಒಳಗೆ ಸುರುಳಿಯಾಗಿ ಗೀರು ಕೊರೆದದ್ದು ಇನ್ನೊಂದು. ಎರಡನೆಯದೇ ರೈಫಲ್. ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ, ತಿರುಗುವ ಗುಂಡು ದಿಕ್ಕು ಕೆಡದೆ ಸಾಗುತ್ತದೆ. ನಿಖರತೆಯ ಗುಟ್ಟು ಇಷ್ಟೇ. ಆದರೆ ಇದೇ ಗುಣ ಕರಾವಳಿಯಲ್ಲಿ ಅಪಾಯವೂ ಹೌದು. ಕೇವಲ 5.6 ಮಿಲಿಮೀಟರಿನ, ಅಂದರೆ ಪಾಯಿಂಟ್ 22 ರೈಫಲಿನ ಪುಟ್ಟ ಗುಂಡು ಸಹ ಸುಮಾರು ಒಂದೂವರೆ ಕಿಲೋಮೀಟರು ಹೋಗಬಲ್ಲದು. ತೋಟ, ಮನೆ, ಶಾಲೆ, ಹೆದ್ದಾರಿ, ರೈಲುಹಳಿ ಎಲ್ಲವೂ ಒತ್ತೊತ್ತಾಗಿರುವ ಈ ಕಿರಿದಾದ ಪಟ್ಟಿಯಲ್ಲಿ ಗುರಿ ತಪ್ಪಿದ ಗುಂಡು ಯಾರ ಅಂಗಳದಲ್ಲಿ ಬೀಳುವುದೆಂದು ಹೇಳುವಂತಿಲ್ಲ. ನುಣುಪು ನಳಿಗೆಯಿಂದ ಹೊರಟ ಸಣ್ಣ ಚರೆ ಕೆಲವು ನೂರು ಮೀಟರುಗಳಲ್ಲಿ ನೆಲ ಸೇರುತ್ತದೆ.

ಕಾನೂನಿನ ಒಲವೂ ಇದೇ ಕಡೆಗಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಲೈಸೆನ್ಸು ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೆ ಅನುಮತಿ ಕೊಡಬಹುದು. ಪಾಯಿಂಟ್ 22 ರೈಫಲನ್ನು ಅದೇ ಕಲಮು ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸದೊಂದಿಗೆ ಸೇರಿಸಿದೆ. ಹಾಗೆ ಅಭ್ಯಾಸಕ್ಕೆಂದು ರೈಫಲ್ ಆರಿಸುವವರು ದಪ್ಪ ಗೋಡೆಯ ನಳಿಗೆಯನ್ನು ನೋಡಬಹುದು. ಅದು ತೂಕ ಹೆಚ್ಚು, ಆದರೆ ಬೇಗ ಕಾಯುವುದಿಲ್ಲ, ಹೆಚ್ಚು ಕಂಪಿಸುವುದಿಲ್ಲ.

ಈಗ ಲೋಹದ ವಿಚಾರ. ಹಳೆಯ ಕೋವಿಗಳಲ್ಲಿ ಕೆಲವುಗಳ ನಳಿಗೆಯ ಮೇಲೆ ಹಾವಿನ ಮೈಯಂಥ ಸುಂದರವಾದ ಗೆರೆಗಳು ಕಾಣುತ್ತವೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುರುಳಿ ಸುತ್ತಿ, ಕಾಸಿ ಬಡಿದು ಬೆಸೆದ ನಳಿಗೆ ಅದು. ಕರಿಮದ್ದಿನ ಕಾಲಕ್ಕೆ ಅದು ಸರಿಯಾಗಿತ್ತು. ಇಂದಿನ ಹೊಗೆರಹಿತ ಮದ್ದಿನ ತೋಟೆ ಹುಟ್ಟಿಸುವ ಒತ್ತಡಕ್ಕೆ ಆ ಬೆಸುಗೆ ಬಾಯಿ ಬಿಡಬಹುದು. ಆದ್ದರಿಂದ ಅಂಥ ಕೋವಿಗೆ ಹೊಸ ತೋಟೆ ಹಾಕಬೇಡಿ. ಹೊಸ ನಳಿಗೆಗಳು ಇಡಿಯಾದ ಉಕ್ಕಿನಲ್ಲಿ ಕೊರೆದವು. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು ಹೆಚ್ಚು ಬಾಳುತ್ತದೆ. ನಳಿಗೆಯನ್ನು ಮಾಮೂಲಿಗಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿ ಅದರ ಮೇಲೆ ಮುದ್ರೆ ಒತ್ತುವ ಪದ್ಧತಿ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇದಕ್ಕಾಗಿಯೇ 1813ರಲ್ಲಿ ಒಂದು ಸಂಸ್ಥೆ ಕಾನೂನಿನ ಮೂಲಕ ಸ್ಥಾಪನೆಯಾಯಿತು. ಮುದ್ರೆಯಿಲ್ಲದ ನಳಿಗೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ತೋಟೆಯ ಮನೆ 65 ಮಿಲಿಮೀಟರಿನದೋ 70ರದೋ ಎಂಬುದನ್ನೂ ನೋಡಿಕೊಳ್ಳಿ. ಚಿಕ್ಕ ಮನೆಗೆ ಉದ್ದ ತೋಟೆ ಹಾಕಿದರೆ ಅದು ಒಳಗೆ ಹೋಗಿ ಕೂರಬಹುದು, ಆದರೆ ಸಿಡಿದಾಗ ಬಾಯಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಉದ್ದ ನಳಿಗೆಯ ಕೋವಿ ಬಹಳ ದೂರ ಹೊಡೆಯುತ್ತದೆ ಎಂಬ ಮಾತು ನಮ್ಮಲ್ಲಿದೆ. ನಿಧಾನವಾಗಿ ಉರಿಯುವ ಕರಿಮದ್ದಿಗೆ ಅದು ತಕ್ಕಮಟ್ಟಿಗೆ ನಿಜ. ಇಂದಿನ ತೋಟೆಗೆ ನಾಲ್ಕು ಇಂಚು ಹೆಚ್ಚಾದರೂ ಆಗುವ ಲಾಭ ಅತ್ಯಲ್ಪ. ಚರೆ ಎಷ್ಟು ಹರಡುತ್ತದೆ ಎಂಬುದನ್ನು ತೀರ್ಮಾನಿಸುವುದು ನಳಿಗೆಯ ತುದಿಯ ಬಿಗಿತ, ಅಂದರೆ ಚೋಕ್. 12 ಬೋರಿನ ಒಳ ಅಳತೆ ಸುಮಾರು 18.5 ಮಿಲಿಮೀಟರು. ತುದಿಯಲ್ಲಿ ಸುಮಾರು ಒಂದು ಮಿಲಿಮೀಟರು ಬಿಗಿ ಮಾಡಿದರೆ, 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ 70ರಷ್ಟು ಚರೆ ಬೀಳುತ್ತದೆ. ಬಿಗಿಯೇ ಇಲ್ಲದಿದ್ದರೆ ಸುಮಾರು 40.

ಇನ್ನು ಬಾಳಿಕೆ. ಇಲ್ಲಿ ನಳಿಗೆಯ ದೊಡ್ಡ ವೈರಿ ಉಪ್ಪು ಗಾಳಿ ಮತ್ತು ಮಳೆಗಾಲ. ಉಪ್ಪಿನಲ್ಲಿರುವ ಕ್ಲೋರೈಡು ಉಕ್ಕಿನ ಮೇಲಿನ ರಕ್ಷಣೆಯ ಪದರವನ್ನು ಒಡೆದು ತುಕ್ಕಿಗೆ ದಾರಿ ಮಾಡುತ್ತದೆ. ನಳಿಗೆಯ ಕಡುನೀಲಿ ಬಣ್ಣವೂ ಕಬ್ಬಿಣದ ಆಕ್ಸೈಡೇ. ಅದು ಎಣ್ಣೆಯನ್ನು ಹಿಡಿದಿಡುತ್ತದೆಯೇ ಹೊರತು ತಾನಾಗಿ ನೀರನ್ನು ತಡೆಯುವುದಿಲ್ಲ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಘನರೂಪದ ಲವಣಗಳಾಗಿ ಉಳಿಯುತ್ತದೆ. ಅವು ಗಾಳಿಯ ತೇವ ಹೀರುತ್ತವೆ. ಇಲ್ಲಿ ಒಂದು ಮಾತು ನೆನಪಿಡಿ: ಲವಣ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಕರಿಮದ್ದಿನ ಈಡು ಹಾರಿಸಿದ ದಿನವೇ, ಕೋವಿ ಖಾಲಿಯಾಗಿದೆ ಎಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ ಹಚ್ಚಬೇಕು. ತೆಂಗಿನೆಣ್ಣೆ ದಿನ ಕಳೆದಂತೆ ಕಮಟಿ ಆಮ್ಲವಾಗುತ್ತದೆ; ಯಂತ್ರದ ಖನಿಜ ಎಣ್ಣೆಯೇ ಲೇಸು. ಚರ್ಮದ ಚೀಲದಲ್ಲಿ ಕಟ್ಟಿಡಬೇಡಿ, ಅದು ತೇವ ಹಿಡಿಯುತ್ತದೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಜಮಾ ಮಾಡಬೇಕಾಗುತ್ತದೆ. ವಾರಗಟ್ಟಲೆ ಯಾರೂ ಮುಟ್ಟದೆ ನಿಲ್ಲುವ ಕೋವಿ ಅದು. ಕೊಡುವ ಮೊದಲು ಎಣ್ಣೆ ಹಚ್ಚಿ ಕೊಡಿ. ವಾಪಸು ತಂದ ಮೇಲೆ ತೆರೆದು, ನಳಿಗೆಯನ್ನು ಬೇರ್ಪಡಿಸಿ, ಬೆಳಕಿಗೆ ಹಿಡಿದು ನೋಡಿ. ಒರೆಸಿದರೂ ಹೋಗದ ಕಪ್ಪು ಚುಕ್ಕೆ ಕಂಡರೆ ಅದು ತುಕ್ಕು ಕೊರೆದ ಗುಳಿ. ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಎಂದು ಅರ್ಥ. ಜೋಡು ನಳಿಗೆಯನ್ನು ತೂಗುಹಾಕಿ ಮೆಲ್ಲಗೆ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಒಡಕು ಸದ್ದು ಬಂದರೆ ಬೆಸುಗೆ ಬಿಟ್ಟಿರುತ್ತದೆ. ಗುಳಿಗಳನ್ನು ಉಜ್ಜಿ ಹೊಳಪು ಮಾಡಿ ಮಾರುವವರಿದ್ದಾರೆ. ಉಜ್ಜಿದಷ್ಟೂ ಗೋಡೆ ತೆಳುವಾಗುತ್ತದೆ. ಹಾಗಾಗಿ ಲೈಸೆನ್ಸು ಪಡೆದ ಕೋವಿ ರಿಪೇರಿಯವರಿಂದ ದಪ್ಪವನ್ನು ಅಳೆಸಿಯೇ ಕೊಳ್ಳಿ. ಮೂಲೆಯಲ್ಲಿಟ್ಟ ಕೋವಿಯ ನಳಿಗೆಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದುಂಟು. ಹೆಬ್ಬೆರಳಿನಷ್ಟು ಮಣ್ಣು ಸಾಕು, ಒಳ್ಳೆಯ ಉಕ್ಕೂ ಸೀಳಲು.

ಕೊನೆಯದಾಗಿ ಒಂದು ಮಾತು. ಕೋವಿಗೆ ಲೈಸೆನ್ಸು ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲಲು ಅನುಮತಿ ಇದ್ದಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಂದಿಗೂ ಅನ್ವಯಿಸುತ್ತದೆ. ಬೆಳೆಗೆ ಹಾನಿಯಾದರೆ ಮೊದಲು ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಒಳ್ಳೆಯ ನಳಿಗೆಯ ಕೋವಿ ವರ್ಷದಲ್ಲಿ ಒಂದೆರಡು ಬಾರಿ ಸದ್ದು ಮಾಡಿ, ಉಳಿದ ದಿನ ಬೀಗದೊಳಗೆ ಒಣಗಿ ನಿಂತಿದ್ದರೆ ಮನೆಯವರಿಗೂ ನೆರೆಮನೆಯವರಿಗೂ ಕ್ಷೇಮ.